ನವಿಲಿನ ಕೋಟೆಯಲ್ಲಿ ಬಂಕೇಯನ ಮನೆತನ

ಹಾವೇರಿಯಿಂದ ಹುಬ್ಬಳ್ಳಿ ಕಡೆ ಹೆದ್ದಾರಿ ಹಿಡಿದರೆ ಸುಮಾರು ಅರ್ಧ ಗಂಟೆಯಲ್ಲಿ ಬಂಕಾಪುರ. ಈಗ ನವಿಲುಧಾಮವೆಂದೇ ಊರಿಗೆ ಹೆಸರು. ಆದರೆ ನವಿಲುಗಳು ಓಡಾಡುವ ಈ ನೆಲ ಸಾವಿರ ವರ್ಷಕ್ಕೂ ಹಿಂದೆ ಬನವಾಸಿ ನಾಡನ್ನಾಳಿದ ಚೆಲ್ಲಕೇತನ ಮನೆತನದ ರಾಜಧಾನಿ. ಊರಿಗೆ ಬಂದಿರುವುದೂ ಆ ಮನೆತನದ ಬಂಕೇಯನ ಹೆಸರೇ.

ಬಂಕೇಯ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕ. ನರಗುಂದದ ಬಳಿಯ ಕೊಣ್ಣೂರಿನ ಶಾಸನ ಅವನ ಸಾಹಸವನ್ನು ವಿವರವಾಗಿ ಹೇಳುತ್ತದೆ. ಗಂಗರ ಮೇಲೆ ದಂಡೆತ್ತಿ ಹೋಗಿ ಕೈದಾಳದ ಕೋಟೆ ಗೆದ್ದು, ಕಾವೇರಿ ದಾಟಿದ್ದ. ಅಷ್ಟರಲ್ಲಿ ಇತ್ತ ಚಕ್ರವರ್ತಿಯ ಮಗನೇ ಸೇರಿಕೊಂಡ ಬಂಡಾಯ ಎದ್ದಿತು. ಕರೆ ಬಂತು. ಮೂರು ತಿಂಗಳೊಳಗೆ ಶತ್ರುಗಳನ್ನು ಅಡಗಿಸದಿದ್ದರೆ ಬೆಂಕಿಗೆ ಬೀಳುತ್ತೇನೆಂದು ಶಪಥ ಮಾಡಿದ ಬಂಕೇಯ ಗೆದ್ದೇ ಬಂದ. 860ರಲ್ಲಿ ಚಕ್ರವರ್ತಿ ಮೆಚ್ಚಿ, ಬಂಕೇಯ ಕಟ್ಟಿಸಿದ್ದ ಬಸದಿಗೆ ಒಂದು ಊರನ್ನೇ ದತ್ತಿ ಬಿಟ್ಟ.

ಮಗ ಲೋಕಾದಿತ್ಯನ ಕಾಲಕ್ಕೆ ಬಂಕಾಪುರ ವಿದ್ಯೆಯ ಊರೂ ಆಗಿತ್ತು. ಗುಣಭದ್ರರ ‘ಉತ್ತರಪುರಾಣ’ಕ್ಕೆ 898ರಲ್ಲಿ ಪೂಜೆ ನಡೆದದ್ದು ಇಲ್ಲಿಯೇ. ಮುಂದೆ ಗಂಗರ ಮಾರಸಿಂಹ ರಾಜ್ಯ ಬಿಟ್ಟು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇದೇ ಊರಿನಲ್ಲಿ. ಚಾಲುಕ್ಯರು, ಕದಂಬರು, ವಿಜಯನಗರದವರು, ಆದಿಲ್‌ಶಾಹಿಗಳು, ಸವಣೂರು ನವಾಬರು, ಹೈದರಾಲಿ, ಹೀಗೆ ಕೋಟೆ ಕೈ ಬದಲಿಸುತ್ತಲೇ ಹೋಯಿತು.

ಬಂಕೇಯನ ಅರಮನೆ ಇಂದು ಉಳಿದಿಲ್ಲ. ಉಳಿದಿರುವುದರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕೂ ಮಿಗಿಲಾದದ್ದು ಕೋಟೆಯೊಳಗಿನ ನಗರೇಶ್ವರ ದೇವಾಲಯ. ಜನರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ದೂರದಿಂದ ನೋಡಿದವರಿಗೆ ಅದರ ಗಾತ್ರ ಅಂದಾಜಾಗುವುದಿಲ್ಲ. ಮೆಟ್ಟಿಲಿಳಿದು ಮಂಟಪದೊಳಗೆ ನಿಂತರೆ ಎತ್ತ ನೋಡಿದರೂ ಕಂಬ. ಚರಕಿಯಲ್ಲಿ ತಿರುಗಿಸಿ ಕಡೆದ ಕಲ್ಲು. ಬಳೆಯಂಥ ಸುತ್ತುಗಳು, ಗಂಟೆಯಂಥ ಉಬ್ಬು, ಬೆಳಕು ಬಿದ್ದಲ್ಲಿ ಇವತ್ತಿಗೂ ಹೊಳಪು. ಮೂರ್ತಿಗಳಿಗೆ ಪೆಟ್ಟು ಬಿದ್ದಿದೆ, ಆದರೂ ಕಲ್ಲುಕುಟಿಗರ ಕೈಚಳಕ ಮಾಸಿಲ್ಲ.

ನವಿಲುಗಳ ಮಾತನ್ನೂ ಹೇಳಬೇಕು. ಕೋಟೆಯ ಆವರಣದಲ್ಲಿ ಸರ್ಕಾರದ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಮೇವಿನ ಹೊಲ, ಪೊದೆ, ಕಂದಕದ ಆಸರೆ ಎಲ್ಲವೂ ನವಿಲುಗಳಿಗೆ ಒದಗಿ ಬಂದಿವೆ. 139 ಎಕರೆಯ ಈ ಜಾಗಕ್ಕೆ 2006ರಲ್ಲಿ ನವಿಲುಧಾಮದ ಮನ್ನಣೆ ಸಿಕ್ಕಿತು.

ರಾಣೆಬೆನ್ನೂರಿನ ಕೃಷ್ಣಮೃಗ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ನೋಡಲು ಮಕ್ಕಳನ್ನು ಕರೆತರುವ ಶಾಲೆಗಳು ಬಂಕಾಪುರವನ್ನೂ ಪ್ರವಾಸದ ಪಟ್ಟಿಗೆ ಸೇರಿಸಿಕೊಳ್ಳಲಿ. ನವಿಲು ಕಾಣಬೇಕೆಂದರೆ ಬೆಳಗಿನ ಹೊತ್ತಿಗೇ ಬನ್ನಿ, ಗದ್ದಲ ಮಾಡಬೇಡಿ. ಗುಡಿಯ ಕಂಬಗಳ ಮೇಲೆ ದಯವಿಟ್ಟು ಹೆಸರು ಗೀಚಬೇಡಿ.