ಅಪ್ಲಾಸ್ಟಿಕ್ ಅನೀಮಿಯಾ: ರೋಗಿಯ ಕುಟುಂಬದವರಿಗೆ ಮಾಹಿತಿ

ಅಸ್ಥಿಮಜ್ಜೆಯು ಕೆಂಪು ರಕ್ತಕಣ, ಬಿಳಿ ರಕ್ತಕಣ ಹಾಗೂ ಪ್ಲೇಟ್‌ಲೆಟ್‌ಗಳನ್ನು ಸಾಕಷ್ಟು ಉತ್ಪಾದಿಸದಿರುವ ಸ್ಥಿತಿಯೇ ಅಪ್ಲಾಸ್ಟಿಕ್ ಅನೀಮಿಯಾ. ಇದು ಕ್ಯಾನ್ಸರ್ ಅಲ್ಲ, ಸಾಂಕ್ರಾಮಿಕವೂ ಅಲ್ಲ. ಕಬ್ಬಿಣಾಂಶದ ಮಾತ್ರೆ, ಬೀಟ್‌ರೂಟ್, ಖರ್ಜೂರಗಳಿಂದ ವಾಸಿಯಾಗುವ ರಕ್ತಹೀನತೆಯೂ ಇದಲ್ಲವೆಂದು ಹಿತೈಷಿಗಳಿಗೆ ಮೊದಲೇ ತಿಳಿಸುವುದು ಒಳಿತು.

ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದಲ್ಲಿ, ನಡುರಾತ್ರಿಯಾದರೂ ಸರಿಯೇ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬಿಳಿ ರಕ್ತಕಣಗಳು ಕಡಿಮೆಯಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ರಕ್ತಸ್ರಾವದ ಸಂಭವವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ನೀಡಬಾರದು.

ರಕ್ತ ಬೇಕೆಂದಾಗ ಒಡಹುಟ್ಟಿದವರು ಮುಂದಾಗುವುದು ಸಹಜ. ಆದರೆ ಮುಂದೆ ಅವರ ಮಜ್ಜೆಯನ್ನೇ ಕಸಿ ಮಾಡಬೇಕಾಗಬಹುದು. ಅವರ ರಕ್ತವನ್ನು ಮೊದಲೇ ನೀಡಿದ್ದಲ್ಲಿ ದೇಹವು ಕಸಿಯನ್ನು ತಿರಸ್ಕರಿಸುವ ಸಂಭವ ಹೆಚ್ಚುತ್ತದೆ. ಆದುದರಿಂದ ರಕ್ತಸಂಬಂಧಿಗಳಲ್ಲದ ಸ್ನೇಹಿತರು, ನೆರೆಹೊರೆಯವರು ರಕ್ತದಾನ ಮಾಡುವುದು ಸೂಕ್ತ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಪ್ರತಿಯೊಬ್ಬರ ಎಚ್‌ಎಲ್‌ಎ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಹೊಂದದಿದ್ದಲ್ಲಿ ಅದಕ್ಕಾಗಿ ಯಾರನ್ನೂ ದೂಷಿಸಲಾಗದು.

ರಕ್ತಪರೀಕ್ಷೆಯ ವರದಿ, ರಶೀದಿಗಳನ್ನು ದಿನಾಂಕವಾರು ಒಂದೇ ಕಡತದಲ್ಲಿ ಇರಿಸುವ ಹೊಣೆಯನ್ನು ಮನೆಯ ಒಬ್ಬರು ವಹಿಸಿಕೊಳ್ಳುವುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂಬುದನ್ನು ಚಿಕಿತ್ಸೆ ಆರಂಭಕ್ಕೆ ಮುನ್ನವೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ಕೋರಲಾಗಿದೆ.