ಸೈಕಲ್ ಇಳಿದು ಓದಿದ ಕಲ್ಲುಗಳು

ರಾತ್ರಿ ಒಂಬತ್ತಕ್ಕೆ ಕೋಟು ಹಾಕ್ಕೊಂಡು ನಿಮ್ಮನೆ ಟಿವಿಯಲ್ಲಿ ಜೋರು ಮಾಡೋ ಇದೇ ಮನುಷ್ಯ, ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಮೈಸೂರಿನ ನಜರ್‌ಬಾದ್‌ನಲ್ಲಿ ಸೈಕಲ್ ಹತ್ತಿದ ಅಂದ್ರೆ ನೀವು ನಗ್ತೀರಿ. ನಗಿ. ಸಕ್ಕರೆ ಏರ್ತಾ ಇದೆ, ಕೂಗೋದು ಕಡಿಮೆ ಮಾಡಿ, ತುಳಿಯೋದು ಜಾಸ್ತಿ ಮಾಡಿ ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ಮೈಸೂರು ಹೇಳಿ ಮಾಡಿಸಿದ ಊರು. 2017ರ ಜೂನ್‌ನಲ್ಲೇ ಟ್ರಿಣ್ ಟ್ರಿಣ್ ಅನ್ನೋ ಹೆಸರಲ್ಲಿ ಸಾರ್ವಜನಿಕ ಸೈಕಲ್ ಸೇವೆ ಶುರುಮಾಡಿದ ಊರದು. ಆದ್ರೆ ನಾನು ಹೊರಟಿದ್ದು ಊರೊಳಗೆ ಸುತ್ತೋಕಲ್ಲ. ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಕರಿಘಟ್ಟದ ಕಾಡಿನ ಕಡೆಗೆ. ಹೋಗಿ ಬರೋದು ಎಲ್ಲ ಸೇರಿ ನಲವತ್ತು ಕಿಲೋಮೀಟರ್‌ಗೆ ಸ್ವಲ್ಪ ಮೇಲೆ.

ಯಾಕೆ ಅಲ್ಲಿಗೇ? ಅದಕ್ಕೊಂದು ಕಾರಣ ಇದೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಮ್ಮ ಸ್ಟುಡಿಯೋದಲ್ಲಿ ಮಾತ್ರ ಅದು ನಿಂತಿಲ್ಲ. ಪ್ರತಿ ನವೆಂಬರ್ ಬಂದರೆ ಎಡಗಡೆ ಇಬ್ಬರು, ಬಲಗಡೆ ಇಬ್ಬರು, ಮಧ್ಯೆ ನಾನು. ಅಂಥದ್ದೇ ಒಂದು ಕಾರ್ಯಕ್ರಮ ಮುಗಿದ ಮೇಲೆ ವೀಕ್ಷಕರೊಬ್ಬರು ಒಂದೇ ಸಾಲಿನ ಪತ್ರ ಬರೆದಿದ್ದರು: ನೀವು ಯಾವತ್ತಾದ್ರೂ ಆ ಜಾಗದಲ್ಲಿ ಕಾರಿಂದ ಇಳಿದಿದ್ದೀರಾ? ನಿಜ ಹೇಳ್ತೀನಿ, ಇಳಿದಿರಲಿಲ್ಲ. ಬೆಂಗಳೂರಿಂದ ಮೈಸೂರಿಗೆ ನೂರಾರು ಸಲ ಓಡಾಡಿದ್ದೇನೆ. ಕೋಟೆಯ ಗೋಡೆ ಕಿಟಕಿಯಲ್ಲಿ ಬಂತು, ಹೋಯ್ತು. ಈಗಂತೂ ಆರು ಪಥದ ಹೆದ್ದಾರಿ ಬಂದಿದೆ, ಕಿಟಕಿಯಲ್ಲೂ ಕಾಣಲ್ಲ. 2023ರ ಆಗಸ್ಟ್ 1ರಿಂದ ಆ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಹತ್ತುವ ಹಾಗಿಲ್ಲ. ಅಪಘಾತಗಳ ಲೆಕ್ಕ ನೋಡಿದರೆ ಅದು ತಪ್ಪು ಅಂತಲೂ ಹೇಳೋಕಾಗಲ್ಲ. ಸೈಕಲ್‌ನವರಿಗೆ ಉಳಿದದ್ದು ಪಕ್ಕದ ಸರ್ವೀಸ್ ರಸ್ತೆ ಮತ್ತು ಹಳ್ಳಿ ದಾರಿ. ನನ್ನ ಕೇಳಿದರೆ ಅದೇ ಒಳ್ಳೆಯದಾಯ್ತು. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಕಲ್ಲಿನ ಮೇಲಿನ ಅಕ್ಷರ ಕಾಣ್ತದೆ.

ಹೊರಟ ಜಾಗದಲ್ಲೇ ಮೊದಲ ಕಥೆ ಇದೆ. ಟಿಪ್ಪು ಮೈಸೂರಿನ ಹಳೇ ಕೋಟೆ ಕೆಡವಿಸಿ, ಆ ಕಲ್ಲು ಸಾಗಿಸಿ ನಜರ್‌ಬಾದ್‌ನಲ್ಲಿ ಹೊಸ ಕೋಟೆ ಕಟ್ಟಿಸೋಕೆ ಹೊರಟಿದ್ದ. 1799ರಲ್ಲಿ ಅವನು ಸತ್ತ, ಕಲ್ಲುಗಳು ವಾಪಸ್ ಮೈಸೂರು ಕೋಟೆಗೇ ಬಂದವು. ಎರಡೂ ಸಲ ಆ ಕಲ್ಲು ಹೊತ್ತವರು ಬಹುಶಃ ಅವೇ ಹಳ್ಳಿಗಳ ಜನ.

ಬನ್ನಿಮಂಟಪ, ಸಿದ್ಧಲಿಂಗಪುರ, ಕಳಸ್ತವಾಡಿ, ನಗುವನಹಳ್ಳಿ. ಕಬ್ಬು, ಭತ್ತದ ಗದ್ದೆ, ಕಾಲುವೆ, ತೆಂಗು. ನದಿ ದಾಟುವ ಮುಂಚೆ ಪಶ್ಚಿಮದ ಕಡೆ ಎಲ್ಲೋ ಸುಲ್ತಾನ್‌ಪೇಟೆಯ ತೋಪು ಇತ್ತು. 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅನ್ನೋ ಅಧಿಕಾರಿ ಆ ತೋಪಿಗೆ ನುಗ್ಗಿದ. ಕತ್ತಲೆ, ಮರ, ಬಿದಿರು, ನೀರಿನ ಕಾಲುವೆ, ಮೇಲಿಂದ ಮೈಸೂರಿನ ರಾಕೆಟ್ಟು. ದಾರಿ ತಪ್ಪಿತು, ಮೊಣಕಾಲಿಗೆ ಏಟು ಬಿತ್ತು, ಸೈನಿಕರು ದಿಕ್ಕಾಪಾಲಾದರು. ಹನ್ನೆರಡು ಜನ ಸೆರೆಸಿಕ್ಕರು, ಆಮೇಲೆ ಕೊಲ್ಲಲ್ಪಟ್ಟರು. ಮರುದಿನ ಹಗಲಲ್ಲಿ ದೊಡ್ಡ ಪಡೆ ತಂದು ತೋಪು ಹಿಡಿದ ಅನ್ನಿ. ಹಗಲು ನೋಡದ ಜಾಗದ ಮೇಲೆ ರಾತ್ರಿ ದಾಳಿ ಮಾಡಬಾರದು ಅನ್ನೋ ಪಾಠ ಅವನಿಗೆ ಸಿಕ್ಕಿದ್ದು ಇಲ್ಲಿ. ಇದೇ ಮನುಷ್ಯ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್. ನಾನು ಆ ದಾರಿಯಲ್ಲಿ ಎರಡು ಸಲ ತಿರುಗಿದೆ. ತೋಪಿನ ಬಗ್ಗೆ ಒಂದು ಬೋರ್ಡೂ ಕಣ್ಣಿಗೆ ಬೀಳಲಿಲ್ಲ. ಟೀ ಅಂಗಡಿಯವರನ್ನು ಕೇಳಿದರೆ, ತೋಪಾ, ಯಾವ ತೋಪು ಸಾರ್ ಅಂದ್ರು.

ಕೋಟೆಯ ಒಳಗೆ ಬಂದು ವಾಯವ್ಯ ಮೂಲೆಗೆ ಹೋದರೆ, ಕಾವೇರಿ ದಡದ ಹತ್ತಿರ ಒಂದು ಎತ್ತರದ ಚೂಪು ಸ್ತಂಭ. ಪ್ರವಾಸಿಗರು ಅದರ ಬುಡದಲ್ಲಿ ಕೂತು ಪುಳಿಯೋಗರೆ ತಿಂತಾರೆ, ಓದೋದು ಕಡಿಮೆ. ಸೈಕಲ್ ನಿಲ್ಲಿಸಿ ಓದಿದೆ. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರವೇ ಹಾಕಿಸಿದ ಕಲ್ಲು. ಯಾರ ನೆನಪಿಗೆ? ಜನರಲ್ ಹ್ಯಾರಿಸ್ ಸೈನ್ಯ 1799ರ ಮೇ 4ರಂದು ಪಟ್ಟಣ ಹಿಡಿದದ್ದರ ನೆನಪಿಗೆ, ಅದರಲ್ಲಿ ಬಿದ್ದ ಇಂಗ್ಲಿಷ್ ಕಡೆಯ ಅಧಿಕಾರಿಗಳ ನೆನಪಿಗೆ. ರೆಜಿಮೆಂಟುಗಳ ಹೆಸರು, ಅಧಿಕಾರಿಗಳ ಹೆಸರು ಎಲ್ಲ ಇದೆ. ಕೋಪ ಮಾಡ್ಕೋಬೇಡಿ. ಆ ಕಾಲದ ಸಂಸ್ಥಾನಕ್ಕೆ ಬ್ರಿಟಿಷರ ಹಂಗಿತ್ತು, ಅದು ಬೇರೆ ಲೆಕ್ಕ. ನನ್ನ ಪ್ರಶ್ನೆ ಇಷ್ಟೇ: ಗೋಡೆಯ ಈಚೆ ಕಡೆ ನಿಂತು ಸತ್ತವರ ಹೆಸರು ಎಲ್ಲಿ?

ಅವತ್ತಿನ ದಾಳಿ ನಡೆದದ್ದು ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ. ಯಾಕೆ ಆ ಹೊತ್ತು ಅಂತ ಅರ್ಥ ಆಗಬೇಕಾದರೆ ಮೇ ತಿಂಗಳಲ್ಲೇ ಹೋಗಬೇಕು. ಬಿಸಿಲಿಗೆ ತಲೆ ಸಿಡೀತದೆ, ಕಾವಲಿನವನೂ ನೆರಳು ಹುಡುಕೋ ಸಮಯ. ನದಿಯಲ್ಲಿ ನೀರಿಗಿಂತ ಬಂಡೆ ಜಾಸ್ತಿ. ಇನ್ನೊಂದು ತಿಂಗಳು ತಡವಾಗಿದ್ದರೆ ಮಳೆ ಬಂದು ಕಾವೇರಿಯೇ ಕೋಟೆ ಕಾಯ್ತಿದ್ದಳು. ಮುಂದೆ ನಿಂತು ನುಗ್ಗಿಸಿದವನು ಡೇವಿಡ್ ಬೇರ್ಡ್. ಇದೇ ಪಟ್ಟಣದಲ್ಲಿ ಹತ್ತಿರ ಹತ್ತಿರ ನಾಲ್ಕು ವರ್ಷ ಸೆರೆಯಲ್ಲಿದ್ದವನು. ಸಂಜೆಯೊಳಗೆ ಎಲ್ಲ ಮುಗಿಯಿತು. ಟಿಪ್ಪು ಬಿದ್ದ ಜಾಗಕ್ಕೆ ಒಂದು ಕಲ್ಲಿದೆ. ಅವನ ಜೊತೆ ಸತ್ತ ಸಾವಿರಾರು ಜನಕ್ಕೆ ಇಲ್ಲ.

ಯಾರು ಅವರು? ಟಿಪ್ಪುವಿನ ಪಠಾಣರು, ಫ್ರೆಂಚರು ಅಂತ ಸಿನಿಮಾದಲ್ಲಿ ತೋರಿಸ್ತಾರೆ. ಅವರೂ ಇದ್ದರು. ಆದ್ರೆ ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಅಂತ ಒಂದು ವ್ಯವಸ್ಥೆ ಇತ್ತು. ಹೊಲ ಉಳುವವನೇ ಕರೆ ಬಂದಾಗ ಕತ್ತಿ, ಕೋವಿ ಹಿಡಿದು ಬರೋದು. ಬೇಡರು, ಒಕ್ಕಲಿಗರು, ಕುರುಬರು, ಮುಸಲ್ಮಾನರು, ನಿಮ್ಮೂರಿನವರು, ನಮ್ಮೂರಿನವರು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋದು ಬೇರೆ ವಾದ. ಕೊಡಗಿನ ಮನೆಗಳಲ್ಲಿ, ಮೇಲುಕೋಟೆಯ ಮನೆಗಳಲ್ಲಿ ಅವನ ಹೆಸರಿಗೆ ಇರುವ ನೋವನ್ನು ನಾನು ಅಳಿಸೋಕೆ ಹೋಗಲ್ಲ. ಅವನ ಸೈನ್ಯದ ಆಳು ಅವನ ರಾಜಕೀಯ ಬರೆದವನಲ್ಲ. ಸಂಬಳಕ್ಕೋ, ಭೂಮಿಗೋ, ಹೆದರಿಕೆಗೋ, ಅಭಿಮಾನಕ್ಕೋ ನಿಂತ, ಸತ್ತ.

ಅಲ್ಲಿಂದ ಗಂಜಾಂ ಕಡೆ ತುಳಿದರೆ ಗುಂಬಜ್. ಅದರ ಹತ್ತಿರ ಕರ್ನಲ್ ವಿಲಿಯಂ ಬೇಲಿಯ ಸ್ಮಾರಕ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್–ಟಿಪ್ಪು ಕೈಗೆ ಸಿಕ್ಕಿ, 1782ರಲ್ಲಿ ಇಲ್ಲೇ ಸೆರೆಯಲ್ಲಿ ತೀರಿಕೊಂಡ. 1816ರಲ್ಲಿ ಅವನ ಸಂಬಂಧಿ ಕಟ್ಟಿಸಿದ್ದು. ಗೆದ್ದವನಿಗೂ ಗೋರಿ, ಸೋತವನಿಗೂ ಗೋರಿ, ಎರಡೂ ಒಂದೇ ಕಡೆ. ಸುತ್ತ ಇದ್ದ ಲಾಲ್‌ಬಾಗ್ ತೋಟದ ಕಥೆ ಕೇಳಿ: 1792ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅದರ ಮರಗಳನ್ನು ಕಡಿದು ಮುತ್ತಿಗೆಯ ಸಾಮಾನಿಗೆ ಬಳಸಿತು, ಅರಮನೆಯನ್ನು ಆಸ್ಪತ್ರೆ ಮಾಡಿತು. ಯುದ್ಧಕ್ಕೆ ಬಾರೂದು ಎಷ್ಟು ಬೇಕೋ ಮರವೂ ಅಷ್ಟೇ ಬೇಕಿತ್ತು ಆಗ. ಆ ಮರಗಳ ಲೆಕ್ಕವನ್ನೂ ಯಾರೂ ಇಟ್ಟಿಲ್ಲ.

ಹೆದ್ದಾರಿ ಪಕ್ಕ, ನದಿ ದಡದಲ್ಲಿ ಗ್ಯಾರಿಸನ್ ಸ್ಮಶಾನ. ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲಿ. ಮುನ್ನೂರರಷ್ಟು ಗೋರಿಗಳು, ಹೆಚ್ಚಿನವು 1800ರ ನಂತರದವು. ಅದರಲ್ಲಿ ಡಿ ಮ್ಯೂರಾನ್ ರೆಜಿಮೆಂಟಿನವರಿದ್ದಾರೆ. ಅದು ಸ್ವಿಟ್ಜರ್ಲೆಂಡಿನ ಕೂಲಿ ಸೈನ್ಯ. ಮೊದಲು ಡಚ್ಚರ ಕಂಪನಿಗೆ ದುಡಿದು, 1795ರಲ್ಲಿ ಬ್ರಿಟಿಷರ ಕಡೆ ಬಂದು, ಪಟ್ಟಣದ ದಾಳಿಯಲ್ಲಿ ಪಾಲ್ಗೊಂಡಿತ್ತು. ಹಿಮದ ಬೆಟ್ಟದಿಂದ ಬಂದು ಕಾವೇರಿ ದಡದಲ್ಲಿ ಮಲಗಿದ್ದಾರೆ. ಇವರಲ್ಲಿ ಬಹಳ ಜನ ಗುಂಡೇಟಿಗೆ ಸತ್ತವರಲ್ಲ, ಜ್ವರಕ್ಕೆ ಸತ್ತವರು. ಹೆಂಡತಿಯರು, ಮಕ್ಕಳು ಇದ್ದಾರೆ. ದ್ವೀಪದ ಸೊಳ್ಳೆ ಕಾಟ ತಡೆಯಲಾಗದೇ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು, 1809ರ ಹೊತ್ತಿಗೆ ಅಲ್ಲಿ ದಂಡು ಬೇರೂರಿತು. ಇವತ್ತಿನ ಎಂ.ಜಿ. ರಸ್ತೆ, ಶಿವಾಜಿನಗರ ಎಲ್ಲ ಒಂದರ್ಥದಲ್ಲಿ ಶ್ರೀರಂಗಪಟ್ಟಣದ ಸೊಳ್ಳೆ ಕೊಟ್ಟ ಉಡುಗೊರೆ! ಇತ್ತೀಚೆಗೆ ಆ ಸ್ವಿಸ್ ಕುಟುಂಬದ ವಂಶಸ್ಥರು ದುಡ್ಡು ಕೊಟ್ಟು ಸ್ಮಶಾನ ದುರಸ್ತಿ ಮಾಡಿಸಿದ್ದಾರೆ. ಇನ್ನೂರು ವರ್ಷದ ಮೇಲೂ ಹುಡುಕಿಕೊಂಡು ಬಂದರು. ಹುಡುಕೋಕೆ ಅವರಿಗೆ ಹೆಸರು ಇತ್ತಲ್ಲ.

ನದಿ ದಾಟಿ ಬಲಕ್ಕೆ ತಿರುಗಿ, ಲೋಕಪಾವನಿ ಹೊಳೆ ದಾಟಿದರೆ ಕರಿಘಟ್ಟ. ಕಾಡು ಅಂದ್ರೆ ನಾಗರಹೊಳೆ ಥರ ಅಲ್ಲ, ಒಣ ಕುರುಚಲು ಕಾಡು. ಬೇಸಿಗೆಯಲ್ಲಿ ಬೆಂಕಿ ಬೀಳೋ ಗುಡ್ಡ, ಮೇಲೆ ವೆಂಕಟರಮಣಸ್ವಾಮಿ. (ಇದನ್ನು ಓದಿ ಬಂಡೀಪುರದೊಳಗೆ ಸೈಕಲ್ ಹೊಡೀತೀನಿ ಅಂತ ಹೊರಡಬೇಡಿ. ಆನೆ ಬೆಲ್ ಹೊಡೆದರೆ ದಾರಿ ಬಿಡಲ್ಲ.) ಕೊನೇ ಏರಿನಲ್ಲಿ ನಾನು ಸೈಕಲ್ ಇಳಿದು ತಳ್ಳಿದೆ, ಮುಚ್ಚಿಡೋದೇನಿಲ್ಲ. ಮೇಲಿಂದ ಇಡೀ ದ್ವೀಪ ಅಂಗೈಯಲ್ಲಿ ಇಟ್ಟ ಹಾಗೆ ಕಾಣ್ತದೆ. ಇದೇ ಬಯಲಿನ ಆಚೆ, ಅರಕೆರೆ ಹತ್ತಿರ 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಯುದ್ಧ ಮಾಡಿದ. ಕಾಳಗ ಗೆದ್ದೂ ಪಟ್ಟಣ ಮುಟ್ಟಲಾಗಲಿಲ್ಲ. ಮಳೆ, ಮೇವಿಲ್ಲ, ಎತ್ತುಗಳು ಸತ್ತವು. ದೊಡ್ಡ ಫಿರಂಗಿಗಳನ್ನು ಕೆಡಿಸಿ ಬಿಟ್ಟು ಹಿಂದೆ ಹೋದ.

ಅಲ್ಲಿ ಕೂತು ನೀರು ಕುಡೀತಾ ನೆನಪಾಗಿದ್ದು ಒಂದು ನಾಯಿ. ಹೌದು, ನಾಯಿ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿದೆ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಗಂಗರ ಬೂತುಗನ ಬಂಟ ಮಣಲೇರ. ಅವನ ಬೇಟೆ ನಾಯಿಯ ಹೆಸರು ಕಾಳಿ. ಕಾಡುಹಂದಿಯ ಜೊತೆ ಹೋರಾಡಿ ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ಹಾಕಿಸಿದ, ಚಿತ್ರ ಕೆತ್ತಿಸಿದ, ಹೆಸರು ಬರೆಸಿದ. ನಮ್ಮ ಹಳ್ಳಿಹಳ್ಳಿಯಲ್ಲಿ ವೀರಗಲ್ಲು ನೋಡಿದ್ದೀರಿ. ಕೆಳಗಿನ ಅಂತಸ್ತಿನಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗ್ತಿರೋದು, ಮೇಲೆ ಶಿವನ ಸನ್ನಿಧಿ. ಬಹಳಷ್ಟು ರಾಜರಿಗಲ್ಲ, ಊರ ದನ ಕದ್ದೊಯ್ಯುವಾಗ ಅಡ್ಡ ನಿಂತು ಸತ್ತವನಿಗೆ. ಅಂದರೆ ಸಾಮಾನ್ಯ ಮನುಷ್ಯನ ಹೆಸರನ್ನು ಕಲ್ಲಿಗೆ ಏರಿಸೋ ವಿದ್ಯೆ ನಮಗೆ ಇಂಗ್ಲಿಷರು ಕಲಿಸಬೇಕಿರಲಿಲ್ಲ. ನಾವು ಅದನ್ನು ನಡುವೆ ಎಲ್ಲೋ ಬಿಟ್ಟೆವು.

ಆಮೇಲೆ ಸ್ವಲ್ಪ ಮಟ್ಟಿಗೆ ಹಿಡಿದೆವು ಅನ್ನಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಕುದುರೆ ಮೇಲೆ ನುಗ್ಗಿ ಗೆದ್ದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲಾನ್ಸರ್ಸ್ ಇದ್ದರು. ಆ ಮಹಾಯುದ್ಧದಲ್ಲಿ ಮಡಿದ ಲಾನ್ಸರ್ಸ್ ಹೆಸರುಗಳು ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಸ್ಮಾರಕದಲ್ಲಿವೆ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನ ಸವಾರ. ಪರದೇಶದಲ್ಲಿ ಸತ್ತವರ ಪಟ್ಟಿ ನಮ್ಮ ಹತ್ತಿರ ಇದೆ. ಮೈಸೂರಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಸತ್ತವರದ್ದು ಇಲ್ಲ.

ವಾಪಸ್ ಬರುವಾಗ ಬಿಸಿಲು ನೆತ್ತಿಗೆ ಏರಿತ್ತು, ನಗುವನಹಳ್ಳಿ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯ್ತು. ಅಂಗಡಿಯ ಹುಡುಗ ಗುರುತು ಹಿಡಿದು, ಈ ಸಲ ನವೆಂಬರ್‌ನಲ್ಲಿ ಯಾರನ್ನ ಕರೆಸ್ತೀರಾ ಸಾರ್ ಅಂತ ಕೇಳಿದ.

ನವೆಂಬರ್ ಬಂತು. ಎಡಗಡೆ ಇಬ್ಬರು, ಬಲಗಡೆ ಇಬ್ಬರು. ಹತ್ತು ನಿಮಿಷ ಕೂಗಾಟ ಆದ ಮೇಲೆ ನಾನು ಕೇಳಿದೆ: ಮೇ 4ರಂದು ಕೋಟೆಯ ಒಳಗೆ ಸತ್ತ ಒಬ್ಬ ಸಾಮಾನ್ಯ ಸೈನಿಕನ ಹೆಸರು ಹೇಳಿ, ಒಬ್ಬನೇ ಒಬ್ಬನದ್ದು. ಒಬ್ಬರು ತಕ್ಷಣ ಸಯ್ಯದ್ ಗಫ್ಫಾರ್ ಅಂದರು. ಅವನು ದಂಡನಾಯಕ, ನಾನು ಆಳಿನ ಹೆಸರು ಕೇಳಿದ್ದು ಅಂದೆ. ನಾಲ್ಕೂ ಜನ ಸುಮ್ಮನಾದರು. ಟಿವಿಯಲ್ಲಿ ಐದು ಸೆಕೆಂಡ್ ಮೌನ ಅಂದ್ರೆ ಬಹಳ ದೊಡ್ಡದು. ಕಿವಿಯಲ್ಲಿ ಪ್ರೊಡ್ಯೂಸರ್ ಹೇಳ್ತಿದ್ದರು, ಬ್ರೇಕ್ ತಗೊಳ್ಳಿ, ಬ್ರೇಕ್ ತಗೊಳ್ಳಿ. ತಗೊಂಡೆ.