ಸೋಂಕು, ಶೌಚ ಮತ್ತು ಶುಶ್ರೂಷಾಶಾಸ್ತ್ರ

ಕನ್ನಡದ ‘ಸೋಂಕು’ ಶಬ್ದಕ್ಕೆ ಮೂಲದಲ್ಲಿ ಮುಟ್ಟುವುದೆಂದಷ್ಟೆ ಅರ್ಥ. ಹಳಗನ್ನಡದಲ್ಲಿ ತಂಗಾಳಿಯೂ ಮೈಗೆ ಸೋಂಕುವುದು. ಅಲ್ಲಿ ರೋಗದ ಪ್ರಸಕ್ತಿಯಿಲ್ಲ. ರೋಗವಾಚಕವಾದ ಅರ್ಥವು ಸ್ಪರ್ಶಾರ್ಥದಿಂದಲೇ ಬೆಳೆದು ಇಂದು ಪ್ರಧಾನವಾಗಿ ನಿಂತಿದೆ. ಸುಶ್ರುತನು ಒಬ್ಬನಿಂದ ಮತ್ತೊಬ್ಬನಿಗೆ ಸಂಕ್ರಮಿಸುವ ವ್ಯಾಧಿಗಳನ್ನು ನಿದಾನಸ್ಥಾನದಲ್ಲಿ ‘ಔಪಸರ್ಗಿಕ’ವೆಂದು ಕರೆದು, ಅವುಗಳ ದ್ವಾರಗಳಲ್ಲಿ ಸ್ಪರ್ಶವನ್ನೂ ಉಸಿರನ್ನೂ ಹಾಸಿಗೆಯನ್ನೂ ಸೇರಿಸಿರುವನು.

ಚರಕನು ಚಿಕಿತ್ಸೆಗೆ ಭಿಷಜ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಇವುಗಳಲ್ಲಿ ಕೊನೆಯದು ಈಗ ಕೇವಲ ಗುಣವಾಗಿ ಉಳಿಯದೆ, ಪದವಿಯೋತ್ತರ ವ್ಯಾಸಂಗಕ್ಕೆ ವಿಷಯವಾದ ಒಂದು ಶಾಸ್ತ್ರವೇ ಆಗಿದೆ. ಆದರೆ ಈ ಶೌಚವನ್ನು ‘ಮಡಿ’ಯೊಡನೆ ಬೆರಸಬಾರದು. ಮಡಿಯುಟ್ಟವನು ಪರರ ಸೋಂಕು ತನಗೆ ತಗುಲದಂತೆ ದೂರ ಸರಿಯುವನು. ಶುಶ್ರೂಷಕಿಯಾದರೋ ರೋಗಿಯನ್ನು ಮುಟ್ಟಲೇಬೇಕು. ತನ್ನ ಕೈಯ ಸೋಂಕು ಅವನಿಗೆ ತಗುಲದಂತೆ ಕಾಯುವುದು ಅವಳ ಧರ್ಮ. ಶಂಕೆಯ ದಿಕ್ಕೇ ಇಲ್ಲಿ ತಿರುಗಿದೆ.

ಈ ತಿರುವಿಗೆ ಪ್ರಸಿದ್ಧವಾದ ನಿದರ್ಶನವು ವಿಯೆನ್ನಾ ನಗರದ ಪ್ರಸೂತಿಗೃಹದ್ದು. ಶವಪರೀಕ್ಷೆಯಿಂದ ನೇರವಾಗಿ ಬರುತ್ತಿದ್ದ ವೈದ್ಯವಿದ್ಯಾರ್ಥಿಗಳ ವಿಭಾಗದಲ್ಲಿ, ಸೂಲಗಿತ್ತಿಯರ ವಿಭಾಗಕ್ಕಿಂತ ಹೆಚ್ಚು ಬಾಣಂತಿಯರು ಸೂತಿಕಾಜ್ವರದಿಂದ ಸಾಯುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಲು, ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜುಲೈ ಹೊತ್ತಿಗೆ ನೂರಕ್ಕೆ ಒಂದರ ಸಮೀಪಕ್ಕೆ ಇಳಿಯಿತು. ಸಮಕಾಲೀನ ವೈದ್ಯರಲ್ಲಿ ಅನೇಕರು ಅವನ ಮಾತನ್ನು ಒಪ್ಪಲಿಲ್ಲ; ತಮ್ಮ ಕೈಯೇ ಮೃತ್ಯುವಾಹಕವೆಂದು ಕೇಳುವುದು ಪಂಡಿತರಿಗೆ ಎಲ್ಲಿಯೂ ಪ್ರಿಯವಲ್ಲ. ಈ ಕಾರ್ಯಕ್ಕೆಂದೇ ಒಬ್ಬ ಶುಶ್ರೂಷಕಿಯನ್ನು ನೇಮಿಸುವ ಪದ್ಧತಿಯು ಇಂಗ್ಲೆಂಡಿನ ಟಾರ್ಬೆ ಆಸ್ಪತ್ರೆಯಲ್ಲಿ 1959ರಲ್ಲಿ ಮೊದಲಾಯಿತು.

ಭಾರತದಲ್ಲಿ ಶುಶ್ರೂಷಾ ಪದವಿಯು ನಾಲ್ಕು ವರ್ಷಗಳದು. ಒಂದು ವರ್ಷದ ಅನುಭವದ ಬಳಿಕ ಎರಡು ವರ್ಷಗಳ ಎಂ.ಎಸ್ಸಿ. ವ್ಯಾಸಂಗವುಂಟು. ಅದರ ರೂಢ ಶಾಖೆಗಳಲ್ಲಿ ಸೋಂಕು ನಿವಾರಣೆಯು ಪ್ರತ್ಯೇಕವಾಗಿ ನಿಂತಿಲ್ಲ. ಶಸ್ತ್ರಚಿಕಿತ್ಸೆ, ಪ್ರಸೂತಿ, ಸಮುದಾಯಾರೋಗ್ಯ ಮೊದಲಾದವುಗಳೊಳಗೆ ಹಂಚಿಹೋಗಿದೆ. ಅಭ್ಯಾಸಿಯು ಸೂಕ್ಷ್ಮಜೀವಿಗಳ ಸ್ವರೂಪವನ್ನೂ, ಉಪಕರಣಗಳ ನಿರ್ಜೀವೀಕರಣವನ್ನೂ, ತ್ಯಾಜ್ಯವನ್ನು ಬಣ್ಣಬಣ್ಣದ ಚೀಲಗಳಲ್ಲಿ ಬೇರ್ಪಡಿಸುವ 2016ರ ನಿಯಮಗಳನ್ನೂ ಕಲಿಯುವಳು. ಇವೆಲ್ಲಕ್ಕಿಂತ ಮುಖ್ಯವಾದುದು ಎಣಿಕೆ. ಮೂತ್ರನಳಿಕೆ ಹಾಕಿದ ರೋಗಿಗಳನ್ನು ದಿನಂಪ್ರತಿ ಲೆಕ್ಕವಿಟ್ಟು, ಸಾವಿರ ನಳಿಕಾದಿನಗಳಿಗೆ ಎಷ್ಟು ಸೋಂಕು ಬಂದಿತೆಂದು ಗಣಿಸಬೇಕು. ಹಲವು ರೋಗಿಗಳಲ್ಲಿ ಒಂದೇ ಬಗೆಯ ಸೂಕ್ಷ್ಮಜೀವಿ ಕಂಡರೆ ಅದರ ಮೂಲವನ್ನು ಹುಡುಕಬೇಕು. ಪಾಠಪರೀಕ್ಷೆ ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ: ಹಲವು ಪ್ರತಿಗಳಲ್ಲಿ ಒಂದೇ ತಪ್ಪು ಮರಳಿ ಬಂದರೆ ಅವುಗಳಿಗೆಲ್ಲ ಒಂದೇ ಮಾತೃಕೆಯಿರಬೇಕೆಂದು ಊಹಿಸುವುದಷ್ಟೆ.

ವಿಜಯಪುರದಲ್ಲಿ ಈ ವಿದ್ಯೆಗೆ ಆಶ್ರಯವಾಗಿರುವವುಗಳಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯು ಪ್ರಮುಖವಾದುದು. ವಚನಗಳ ತಾಡವೋಲೆಗಳನ್ನು ಅರಸಿ ಊರೂರು ತಿರುಗಿದ ಫ. ಗು. ಹಳಕಟ್ಟಿಯವರೇ 1910ರಲ್ಲಿ ಅದನ್ನು ಸ್ಥಾಪಿಸಿದವರೆಂಬುದು ಸಾಹಿತ್ಯಾಧ್ಯಾಪಕರಿಗೆ ನೆನಪಿರಬಹುದು. ಅದರ ವೈದ್ಯಕೀಯ ಮಹಾವಿದ್ಯಾಲಯವು 1986ರದು. ಶುಶ್ರೂಷಾ ವಿಜ್ಞಾನದ ಸಂಸ್ಥೆಯೂ ಅದರ ಜೊತೆಗಿದೆ.

ವ್ಯಾಸಂಗ ಮುಗಿಸಿದವರಿಗೆ ವೃತ್ತಿಗೆ ಕೊರತೆಯಿಲ್ಲ. ಗುಣಮಾನ್ಯತೆಯನ್ನು ಬಯಸುವ ಆಸ್ಪತ್ರೆಗಳಿಗೆ ಸೋಂಕು ನಿಯಂತ್ರಣ ಶುಶ್ರೂಷಕಿಯು ಅವಶ್ಯಕ, ಅಧ್ಯಾಪನವುಂಟು, ಸರಕಾರಿ ದವಾಖಾನೆಗಳ ನೈರ್ಮಲ್ಯವನ್ನು ಅಳೆದು ಬಹುಮಾನ ಕೊಡುವ, 2015ರಲ್ಲಿ ಮೊದಲಾದ ‘ಕಾಯಕಲ್ಪ’ ಯೋಜನೆಯಲ್ಲಿ ಇಂಥ ಜ್ಞಾನಕ್ಕೆ ಬೆಲೆಯಿದೆ, ಪರದೇಶಗಳ ಕರೆಯೂ ಇದೆ.

ತೊಡಕಿರುವುದು ಬೇರೆಡೆ. 250 ಹಾಸಿಗೆಗಳಿಗೆ ಇಂಥ ಒಬ್ಬಳು ಬೇಕೆಂಬ ಪ್ರಮಾಣವು ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಿಂದ ಬಂದುದು. ಸುವ್ಯವಸ್ಥಿತ ನಿಯಂತ್ರಣವಿದ್ದಲ್ಲಿ ಆಸ್ಪತ್ರೆಯ ಸೋಂಕುಗಳು ಸುಮಾರು ಮೂರರಲ್ಲಿ ಒಂದರಷ್ಟು ಕಡಿಮೆಯಾಗುವುವೆಂದು ಆ ಸಮೀಕ್ಷೆಯೇ 1985ರಲ್ಲಿ ತೋರಿಸಿತು. ನಗರದ ದೊಡ್ಡ ಆಸ್ಪತ್ರೆಗೆ ಈ ಪ್ರಮಾಣ ಸಲ್ಲುವುದು. ಆದರೆ ನಗರದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ ಇವೆ. ಎರಡೂ ಈಚಿನ ತಾಲ್ಲೂಕುಗಳು. ಸಮುದಾಯ ಆರೋಗ್ಯಕೇಂದ್ರವೆಂದರೆ ದೇಶದ ಮಾನದಂಡದಂತೆ 30 ಹಾಸಿಗೆ, ಪ್ರಾಥಮಿಕ ಕೇಂದ್ರಕ್ಕೆ ಆರು. ಹಾಸಿಗೆಯನ್ನೇ ಎಣಿಸುತ್ತ ಹೋದರೆ ಇಂಥ ಊರುಗಳಿಗೆ ಸೋಂಕು ನಿಯಂತ್ರಣದ ಶುಶ್ರೂಷಕಿಯು ಎಂದೆಂದೂ ಬಾರಳು. ಹೆರಿಗೆ ಮಾಡಿಸಿ, ಚುಚ್ಚುಮದ್ದು ಕೊಟ್ಟು, ದಾಖಲೆ ಬರೆಯುವವಳೇ ಕತ್ತರಿಗಳನ್ನೂ ನಿರ್ಜೀವಗೊಳಿಸಬೇಕು. ಪ್ರಮಾಣವನ್ನು ಹಾಸಿಗೆಗೆ ಬದಲು ಹೆರಿಗೆಗಳ ಸಂಖ್ಯೆಗೆ ಕಟ್ಟುವುದು, ಅಥವಾ ಹಲವು ಕೇಂದ್ರಗಳಿಗೆ ಕೂಡಿ ಒಬ್ಬಳನ್ನು ನೇಮಿಸುವುದು ಹೆಚ್ಚು ಯುಕ್ತ. ಸಮುದಾಯಾರೋಗ್ಯದ ಎಂ.ಎಸ್ಸಿ. ಪ್ರಬಂಧಗಳಿಗೂ ಇದು ತಕ್ಕ ವಿಷಯ.

ನೀರಿನ ಮಾತೂ ಇಲ್ಲಿ ಅಪ್ರಸ್ತುತವಲ್ಲ. ಕೈಗೆ ಕೊಳೆ ಕಾಣದಿದ್ದಲ್ಲಿ ಮದ್ಯಸಾರದ ದ್ರವವನ್ನು 20ರಿಂದ 30 ಸೆಕೆಂಡು ಉಜ್ಜಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಸೂಚನೆಗಳು ಹೇಳುತ್ತವೆ. ಬರಪೀಡಿತವಾದ ಈ ಸೀಮೆಗೆ ಅದೊಂದು ದೊಡ್ಡ ಅನುಕೂಲ. ಹೆರಿಗೆಯ ಕೋಣೆಯಲ್ಲಿ ಮಾತ್ರ ಆ ವಿನಾಯಿತಿಯಿಲ್ಲ: ರಕ್ತ ಮೆತ್ತಿದ ಕೈಗೆ ಸಾಬೂನೂ ಹರಿಯುವ ನೀರೂ ಬೇಕು, ಚೈತ್ರ ವೈಶಾಖಗಳಲ್ಲಿಯೂ.